ಸಿಗರೇಟು ಬಿಡುವ ಗುತ್ತಿಗೆ

ನನ್ನ ತಮ್ಮ ಸಿಗರೇಟು ಬಿಡುವ ಕೆಲಸವನ್ನು ನಾಲ್ಕು ಜನಕ್ಕೆ ಗುತ್ತಿಗೆ ಕೊಟ್ಟ. ಸೇದುವ ಕೆಲಸ ಒಂದನ್ನು ಮಾತ್ರ ತಾನೇ ಇಟ್ಟುಕೊಂಡ.

ಅವನ ಕಸುಬೇ ಅಂಥದ್ದು ಅನ್ನಿ. ಮನೆ ಕಟ್ಟಿಸುವ ಮೇಸ್ತ್ರಿ. ಅವನ ಕೈಕೆಳಗೆ ಇಟ್ಟಿಗೆ ಇಡುವವರಿದ್ದಾರೆ, ಸಿಮೆಂಟು ಕಲಸುವವರಿದ್ದಾರೆ, ಮರಳು ಹೊರುವವರಿದ್ದಾರೆ. ಅವನು ಕೈ ಹಿಂದೆ ಕಟ್ಟಿಕೊಂಡು ತಿರುಗುತ್ತಾನೆ. ಕೂಗುವುದಿಲ್ಲ, ಬೈಯುವುದಿಲ್ಲ. ಒಬ್ಬೊಬ್ಬರನ್ನೇ ಮೂಲೆಗೆ ಕರೆದು, ಭುಜದ ಮೇಲೆ ಕೈ ಹಾಕಿ, ದನಿ ತಗ್ಗಿಸಿ, "ನೋಡಪ್ಪಾ, ಬೇರೆಯವರ ಮಾತು ಬಿಡು. ನಿನ್ನ ಬಿಟ್ರೆ ನಂಗೆ ಇಲ್ಲಿ ಯಾರ ಮೇಲೂ ನಂಬಿಕೆ ಇಲ್ಲ. ಈ ಗೋಡೆ ನಿಂತಿರೋದೇ ನಿನ್ನ ಮೇಲೆ" ಅನ್ನುತ್ತಾನೆ. ಕೇಳಿಸಿಕೊಂಡವನು ಎದೆಯುಬ್ಬಿಸಿ ಎರಡಾಳಿನ ಕೆಲಸ ಮಾಡುತ್ತಾನೆ. ಅಷ್ಟರಲ್ಲಿ ಮೇಸ್ತ್ರಿ ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬನ ಭುಜದ ಮೇಲೆ ಕೈ ಹಾಕಿರುತ್ತಾನೆ. ಗೋಡೆ ಒಂದೇ, ಅಷ್ಟೂ ಜನರ ಮೇಲೆ ನಿಂತಿರುತ್ತದೆ. ಒಬ್ಬನ ಗುಟ್ಟು ಇನ್ನೊಬ್ಬನಿಗೆ ಗೊತ್ತಿರುವುದಿಲ್ಲ. ಹೀಗೆ ಕಟ್ಟಿಸಿದ ಮನೆಗಳೆಲ್ಲ ಗಟ್ಟಿಯಾಗಿಯೇ ಇವೆ, ಅದನ್ನು ಇಲ್ಲ ಅನ್ನಲಾರೆ. ತನ್ನನ್ನೂ ಹಾಗೆಯೇ ಬೇರೆಯವರ ಕೈಲಿ ಕಟ್ಟಿಸಿಕೊಳ್ಳಲು ಹೊರಟನಲ್ಲ, ಅದೇ ನಮ್ಮ ಗ್ರಹಚಾರ.

ಬೆನ್ನ ಹಿಂದೆ ಆಳುಗಳು ಅವನನ್ನು 'ನಾಳೆಯಿಂದ' ಅಂತ ಕರೆಯುತ್ತಾರೆ. "ನಾಳೆಯಿಂದ ಬಂದ್ರಾ?" "ನಾಳೆಯಿಂದ ಹೋದ್ರು." ಅವನಿಗೂ ಗೊತ್ತು, ಬೇಜಾರಿಲ್ಲ. ನಾನು ಅವನ ಅಕ್ಕ, ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ತೀರಿಕೊಂಡ ಮೇಲೆ ಅವನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದೇನೆ. ಹಾಗಾಗಿ ಅವನ ಒಂದೊಂದು 'ನಾಳೆಯಿಂದ'ವೂ ನನ್ನ ಕಣ್ಣ ಮುಂದೆಯೇ ಹುಟ್ಟಿ ನನ್ನ ಕಣ್ಣ ಮುಂದೆಯೇ ಸತ್ತಿದೆ. ಹುಡುಗನಾಗಿದ್ದಾಗ ಈಜು ಕಲಿಯುತ್ತೇನೆಂದು ಹೊರಟು ನನ್ನನ್ನು ದಡದಲ್ಲಿ ಬಟ್ಟೆ ಕಾಯಲು ಕೂರಿಸಿದ. ಬಟ್ಟೆಯೂ ನೆನೆಯಲಿಲ್ಲ, ಅವನೂ ನೆನೆಯಲಿಲ್ಲ. ಮದುವೆಯಾದ ಹೊಸತರಲ್ಲಿ ಬೆಳಿಗ್ಗೆ ಬೇಗ ಏಳುತ್ತೇನೆಂದು ಪೇಪರ್ ಹಾಕುವವನಿಗೆ ಬಾಗಿಲು ಬಡಿಯಲು ಹೇಳಿದ. ಬೀದಿಗೆ ಬೀದಿಯೇ ಎದ್ದು ಕೂತಿತು, ಅವನೊಬ್ಬ ಏಳಲಿಲ್ಲ. ಎದುರು ಮನೆಯ ಮುದುಕರಿಗೆ ಮಾತ್ರ ಬೆಳಗಿನ ವಾಕಿಂಗ್ ಅಭ್ಯಾಸವಾಗಿ ಅವರ ಮಂಡಿನೋವು ವಾಸಿಯಾಯಿತು. ಮೈ ಗಟ್ಟಿ ಮಾಡಿಕೊಳ್ಳುತ್ತೇನೆಂದು ತಂದ ಕಬ್ಬಿಣದ ಗುಂಡು ಈಗ ಗಾಳಿಗೆ ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ಕೂತಿದೆ. ಆರಂಭಶೂರ ಅನ್ನೋಣವೆಂದರೆ ಆರಂಭವನ್ನೂ ಅವನು ಬೇರೆಯವರ ಕೈಲೇ ಮಾಡಿಸುತ್ತಾನೆ.

ಇದೆಲ್ಲ ನಕ್ಕು ಸುಮ್ಮನಾಗುವ ವಿಷಯಗಳು. ಸಿಗರೇಟಿನದು ಹಾಗಾಗಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಅವಳ ಮನೆ. ಅವಳಿಗೆ ಹೆಣ್ಣುಮಗು ಹುಟ್ಟಿತು, ತಿಂಗಳು ತುಂಬುವ ಮೊದಲೇ. ಅಂಗೈಯಷ್ಟು ಮಗು, ಉಸಿರಾಡಿದರೆ ಎದೆ ಒಳಗೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಗಾಜಿನ ಆಚೆ ಇಟ್ಟಿದ್ದರು. ಇವನು ಮೂಗು ಚಪ್ಪಟೆಯಾಗುವ ಹಾಗೆ ಗಾಜಿಗೆ ಮುಖ ಒತ್ತಿ ನಿಂತುಬಿಟ್ಟಿದ್ದ. ಅಲ್ಲೇ, ಆ ವರಾಂಡದಲ್ಲೇ, ಮಗಳು ಹೇಳಿದಳು:

"ಅಪ್ಪಾ, ಡಾಕ್ಟ್ರು ಹೇಳಿದ್ದಾರೆ. ಇವಳ ಹತ್ರ ಹೊಗೆ ಸುಳೀಬಾರದು. ಹೊಗೆ ವಾಸನೆ ಹಿಡಿದಿರೋ ಬಟ್ಟೆ ಕೂಡ ಬರಬಾರದು."

"ನಾನೇನು ಮಗು ಮುಂದೆ ಸೇದ್ತೀನಾ? ಆಚೆ ಹೋಗಿ ಸೇದಿ ಬಾಯಿ ತೊಳ್ಕೊಂಡು ಬರ್ತೀನಪ್ಪ."

"ಆಗಲ್ಲ. ಪೂರ್ತಿ ಬಿಡೋವರೆಗೂ ನೀನು ಇವಳನ್ನ ಎತ್ಕೊಳ್ಳೋ ಹಾಗಿಲ್ಲ."

"ಅಷ್ಟೇ ತಾನೇ? ನಾಳೆಯಿಂದ ನೋಡು..."

"ನಾಳೆಯಿಂದ ಅನ್ನಬೇಡಪ್ಪಾ!" ಅಂದಳು. ಬಾಣಂತಿ, ಕಣ್ಣ ಕೆಳಗೆ ಕಪ್ಪು, ನಿಲ್ಲಲು ತ್ರಾಣವಿಲ್ಲ. ಗೋಡೆ ಹಿಡಿದುಕೊಂಡು ಹೇಳಿದಳು. ಇವನು ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ, "ಅಕ್ಕಾ, ಈ ಸಲ ನಿಜ ಕಣೇ" ಅಂದ. ಎರಡು ಕೈಯನ್ನೂ ತೊಡೆಯ ಮೇಲೆ ಮಗುವನ್ನು ಹಿಡಿದವನ ಹಾಗೆ ಇಟ್ಟುಕೊಂಡಿದ್ದ. ಮುಂಚಿನ 'ನಾಳೆಯಿಂದ'ಗಳಲ್ಲಿ ಇಲ್ಲದ್ದೇನೋ ಆ ದನಿಯಲ್ಲಿತ್ತು.

ಮಾರನೇ ದಿನ ಬೆಳಿಗ್ಗೆ ನನ್ನ ಕೋಣೆಗೆ ಬಂದ. ಬಾಗಿಲು ಹಿಂದಕ್ಕೆ ಹಾಕಿ, ಮಂಚದ ಮೇಲೆ ನನ್ನ ಪಕ್ಕ ಕೂತು, ಭುಜದ ಮೇಲೆ ಕೈ ಹಾಕಿದ. ಆಗಲೇ ನನಗೆ ಹೊಳೆಯಬೇಕಿತ್ತು.

"ಅಕ್ಕಾ, ಒಂದೇ ಏಟಿಗೆ ಬಿಟ್ರೆ ತಲೆ ಕೆಡತ್ತೆ. ದಿನಕ್ಕೆ ಒಂದು ಅಂತ ಇಟ್ಕೊಂಡಿದ್ದೀನಿ. ಸ್ವಲ್ಪ ದಿನ ಕಳೆದು ಆ ಒಂದನ್ನೂ ಬಿಡೋದು. ಪ್ಯಾಕೆಟ್ಟು ನಿನ್ನ ಹತ್ರ ಇರಲಿ. ಬೆಳಿಗ್ಗೆ ಟೀ ಆದ್ಮೇಲೆ ನೀನೇ ಒಂದು ತೆಗೆದುಕೊಡು. ನಾನು ಅತ್ರೂ, ಕಾಲು ಹಿಡಿದ್ರೂ ಇನ್ನೊಂದು ಕೊಡಬೇಡ."

"ನಿನ್ನ ಹೆಂಡ್ತಿ ಹತ್ರ ಕೊಡೋ."

"ಅವಳದು ಮೃದು ಮನಸ್ಸು. ನಿನ್ನ ಬಿಟ್ರೆ ನಂಗೆ ಯಾರ ಮೇಲೂ ನಂಬಿಕೆ ಇಲ್ಲ."

ಪ್ಯಾಕೆಟ್ಟನ್ನು ಸೀರೆಗಳ ಕೆಳಗೆ ಇಟ್ಟೆ. ದಿನಾ ಟೀ ಆದ ಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತಿದ್ದ, ನಾನು ಒಂದು ತೆಗೆದುಕೊಡುತ್ತಿದ್ದೆ. ಮುಗಿಯುವವರೆಗೂ ಪಕ್ಕದಲ್ಲೇ ನಿಂತು, ತುಂಡಿಗೆ ನೀರು ಹಾಕಿ ಒಳಗೆ ಬರುತ್ತಿದ್ದೆ. ಇನ್ನೊಂದು ಬೇಕೆಂದು ಅವನು ಒಂದು ದಿನವೂ ಕೇಳಲಿಲ್ಲ. ಪರವಾಗಿಲ್ಲವೇ, ಮೊಮ್ಮಗಳು ಇವನನ್ನು ಮನುಷ್ಯನನ್ನಾಗಿ ಮಾಡಿದಳು ಅಂದುಕೊಂಡೆ. ನನ್ನ ಸೀರೆಗೆಲ್ಲ ತಂಬಾಕಿನ ವಾಸನೆ ಹಿಡಿಯಿತು. ಇರಲಿ, ಒಳ್ಳೆಯದಕ್ಕೆ ತಾನೇ ಅಂತ ಸುಮ್ಮನಿದ್ದೆ.

ಮಗು ಆಸ್ಪತ್ರೆಯಿಂದ ಮನೆಗೆ ಬಂತು. ಕೆನ್ನೆ ತುಂಬಿಕೊಂಡಿತು. ಮಗಳು ಫೋನು ಮಾಡಿದಾಗಲೆಲ್ಲ ಇವನು "ದಿನಕ್ಕೆ ಒಂದೇ ಒಂದು ಕಣಮ್ಮ, ಸುಳ್ಳಾದ್ರೆ ಕೇಳು" ಅನ್ನುತ್ತಿದ್ದ. ಅವಳ ಮನಸ್ಸು ಕರಗಿತು. ಒಂದು ಭಾನುವಾರ ಬೆಳಿಗ್ಗೆ, "ಅಪ್ಪಾ, ಇವಳನ್ನ ಕರ್ಕೊಂಡು ಬರ್ತೀನಿ. ಇವತ್ತಿಂದ ಆ ಒಂದೂ ಬೇಡ, ಎತ್ಕೊಳ್ಳುವಂತೆ" ಅಂದಳು.

ಆ ದಿನ ಅವನ ಸಡಗರ ನೋಡಬೇಕಿತ್ತು. ಮೈಯನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ತೊಳೆದ. ಬೀರುವಿನ ತಳದಲ್ಲಿದ್ದ ಹೊಸ ಅಂಗಿ ತೆಗೆಸಿದ. ಮಗು ನೋಡಲು ಅಕ್ಕಪಕ್ಕದವರೂ ಬಂದರು. ಇಳಿಜಾರಿನ ಮೇಲಿರುವ ನಮ್ಮ ಮನೆಯ ಕೆಳಗೆ, ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಕಟಿಂಗ್ ಅಂಗಡಿ ಇಟ್ಟಿರುವವನು ಬಂದ. ಅವನಿಗೆ ಎಲ್ಲರೂ 'ಕತ್ತರಿ' ಅನ್ನುತ್ತಾರೆ, ಕಸುಬಿಗಲ್ಲ, ಯಾರು ಮಾತಾಡಿದರೂ ನಡುವೆ ಕತ್ತರಿಸುತ್ತಾನೆ ಅಂತ. ಮೂಲೆ ಅಂಗಡಿಯಲ್ಲಿ ಸೋಪು, ಸಕ್ಕರೆ, ಸಿಗರೇಟು ಮಾರುವ ಅಂಗಡಿಯಕ್ಕ ಮಗುವಿಗೆಂದು ಒಂದು ಗಿಲಕಿ ಹಿಡಿದು ಬಂದಳು. ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಳು.

ಮಗಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು, ಮೂಗು ಮಾತ್ರ ಕಾಣುತ್ತಿತ್ತು. ಇವನು ಎದ್ದು ಎರಡು ಕೈ ಚಾಚಿದ.

"ತಾಳಪ್ಪಾ. ದಿನಕ್ಕೆ ಒಂದೇ ಅಂದ್ಯಲ್ಲ, ನಿಜ ತಾನೇ?"

"ಅಯ್ಯೋ, ಇಷ್ಟು ಜನ ಸಾಕ್ಷಿ ಇದ್ದಾರೆ. ಕೇಳು ನಿಮ್ಮತ್ತೇನ."

"ನಿಜ ಕಣಮ್ಮ," ಅಂದೆ. "ಬೆಳಿಗ್ಗೆ ಟೀ ಆದ್ಮೇಲೆ ಒಂದು. ನಾನೇ ಕೈಯಾರೆ..."

"ಬೆಳಿಗ್ಗೆನಾ?" ಕತ್ತರಿ ನನ್ನ ಮಾತು ತುಂಡರಿಸಿದ. "ಇಲ್ಲ ದೊಡ್ಡಮ್ಮಾ, ಮಧ್ಯಾಹ್ನ. ಊಟಕ್ಕೆ ಬರೋವಾಗ. ನನ್ನ ಡ್ರಾಯರಲ್ಲೇ ಇರೋದು ಪ್ಯಾಕೆಟ್ಟು."

ಒಳಗಿನಿಂದ ತಮ್ಮನ ಹೆಂಡತಿ, "ಮಧ್ಯಾಹ್ನ ಯಾಕೆ ಕೊಡ್ತೀರಾ? ರಾತ್ರಿ ಊಟ ಆದ್ಮೇಲೆ ನಾನು ಕೊಡ್ತೀನಲ್ಲ?" ಅಂದಳು. ಕೈಯಲ್ಲಿ ಟೀ ಸೋಸುವ ಜರಡಿ ಹಿಡಿದುಕೊಂಡೇ ಹೊರಗೆ ಬಂದಳು. ಅದರಿಂದ ಹನಿ ಹನಿಯಾಗಿ ಟೀ ನೆಲಕ್ಕೆ ಬೀಳುತ್ತಿತ್ತು.

ಅಂಗಡಿಯಕ್ಕ ಗಿಲಕಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಹಾಗಾದ್ರೆ ಸಂಜೆ ನಂದು ಯಾವ ಲೆಕ್ಕಕ್ಕೆ?" ಅಂದಳು. "ನಿನ್ನ ಬಿಟ್ರೆ ಯಾರ ಮೇಲೂ ನಂಬಿಕೆ ಇಲ್ಲ ಅಂದ್ರಲ್ಲ ಮೇಸ್ತ್ರಿ?"

"ನಂಗೂ ಹಾಗೇ ಅಂದ್ರು!" ಅಂದ ಕತ್ತರಿ.

"ನನ್ನ ಹತ್ರ, 'ಅಕ್ಕಂಗೆ ವಯಸ್ಸಾಯ್ತು, ಮರೆತು ಎರಡು ಕೊಟ್ಬಿಡ್ತಾಳೆ, ಅದಕ್ಕೇ ನಿನ್ನ ಹತ್ರ ಇಡ್ತೀನಿ' ಅಂದ್ರು," ಅಂದಳು ತಮ್ಮನ ಹೆಂಡತಿ. ಅಂದವಳೇ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ನನಗೆ ಎಲ್ಲಿಂದ ಉರಿದು ಬಂತೆಂದರೆ, ಹೇಳಬಾರದು. ಮಾಮೂಲಾಗಿ ಸೇದುತ್ತಿದ್ದಾಗ ಅವನು ಕೆಲವು ದಿನ ಕೆಲಸದ ಗಡಿಬಿಡಿಯಲ್ಲಿ ಮರೆತಾದರೂ ಮರೆಯುತ್ತಿದ್ದ. ಈಗ ಮರೆಯಲು ನಾವು ಬಿಟ್ಟಿರಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ, ಮಾತ್ರೆ ಕೊಟ್ಟ ಹಾಗೆ ಹೊತ್ತು ಹೊತ್ತಿಗೆ ಕೈಗಿಟ್ಟು ಸೇದಿಸಿದ್ದೆವು. ಹೆಂಡತಿ ದಿನಾ ಅಂಗಿ ಮೂಸಿ ನೋಡುತ್ತಿದ್ದಳಂತೆ. ಒಂದರ ವಾಸನೆಯೋ ನಾಲ್ಕರ ವಾಸನೆಯೋ, ಮೂಗಿಗೆ ಎಣಿಸಲು ಬರುತ್ತದೆಯೇ?

"ಏನೋ ಇದು?" ಅಂದೆ.

ಅವನು ಚಾಚಿದ ಕೈ ಇನ್ನೂ ಇಳಿಸಿರಲಿಲ್ಲ. "ನಾನು ಯಾರಿಗೆ ಮೋಸ ಮಾಡಿದೆ ಹೇಳು? ನಿನ್ನ ಹತ್ರ ಎರಡನೇದು ಕೇಳಿದ್ನಾ? ಕತ್ತರಿ ಹತ್ರ ಕೇಳಿದ್ನಾ? ಒಬ್ಬೊಬ್ಬರಿಗೆ ಕೊಟ್ಟ ಮಾತೂ ಉಳಿಸ್ಕೊಂಡಿದ್ದೀನಿ."

ಅದನ್ನವನು ನಾಟಕಕ್ಕೆ ಹೇಳಲಿಲ್ಲ, ನಂಬಿಯೇ ಹೇಳಿದ. ಅದೇ ನನಗೆ ತಲೆ ಚಿಟ್ಟು ಹಿಡಿಸಿದ್ದು. ಸುಳ್ಳನಾದರೆ ಬೈದು ದಾರಿಗೆ ತರಬಹುದು. ಇವನಿಗೆ ತಾನು ಸುಳ್ಳ ಅಂತಲೇ ತಿಳಿದಿರಲಿಲ್ಲ. ಕಾಯಲು ನಾಲ್ಕು ಜನರನ್ನು ಇಟ್ಟಿದ್ದೇನೆ, ಅಂದ ಮೇಲೆ ಕೆಲಸ ನಡೆಯುತ್ತಿದೆ ಅಂತ ಅವನ ಲೆಕ್ಕ.

ಮಗಳು ಕೂಗಾಡಲಿಲ್ಲ. ಮಗುವಿನ ಮುಖದ ಮೇಲೆ ಬಟ್ಟೆ ಎಳೆದು ಮುಚ್ಚಿದಳು, ಚಪ್ಪಲಿ ಮೆಟ್ಟಿದಳು. "ಅಪ್ಪಾ, ಬಿಟ್ಟ ಮೇಲೆ ನೀನೇ ನಮ್ಮನೆಗೆ ಬಾ. ಒಬ್ಬನೇ ಬಾ. ಸಾಕ್ಷಿ ಯಾರನ್ನೂ ಕರ್ಕೊಂಡು ಬರಬೇಡ" ಅಂದು ಮೆಟ್ಟಿಲಿಳಿದು ಹೋದಳು. ಟೀ ಕೂಡ ಕುಡಿಯಲಿಲ್ಲ. ಗಿಲಕಿ ಮೇಜಿನ ಮೇಲೆಯೇ ಉಳಿಯಿತು.

ಆ ಮಧ್ಯಾಹ್ನವೇ ನಾವು ನಾಲ್ಕೂ ಜನ ರಾಜೀನಾಮೆ ಕೊಟ್ಟೆವು. ಅವನ ಮುಂದೆ ಪ್ಯಾಕೆಟ್ಟುಗಳನ್ನು ತಂದು ಸುರಿದೆವು. ಅವನು ಅವನ್ನು ನೋಡುತ್ತಾ ಕೂತ. ಬುದ್ಧಿ ಬಂತು ಅಂದುಕೊಂಡಿರಾ? ನಾಯಿ ಬಾಲಕ್ಕೆ ಅಷ್ಟು ಬೇಗ ನೇರವಾಗಲು ಬರುತ್ತದೆಯೇ? ಸಂಜೆ ಹೊತ್ತಿಗೆ ಮೆಲ್ಲಗೆ ನನ್ನ ಕೋಣೆಯ ಬಾಗಿಲಿಗೆ ಬಂದು, "ಅಕ್ಕಾ, ಬೀದಿ ಕೊನೇಲಿ ಒಬ್ಬ ಟೈಲರ್ ಇದ್ದಾನಲ್ಲ, ಕಟ್ಟುನಿಟ್ಟಿನ ಮನುಷ್ಯ. ಅವನೊಬ್ಬನ ಹತ್ರಾನೇ ಎಲ್ಲಾ ಕೊಟ್ಬಿಟ್ರೆ ಹೇಗೆ?" ಅಂದ.

ನಾನು ಸಾಮಾನ್ಯವಾಗಿ ದನಿ ಎತ್ತುವವಳಲ್ಲ. ಆವತ್ತು ಎತ್ತಿದೆ.

"ಲೋ, ನೀನು ಗೋಡೆ ಕಟ್ಟಿಸೋವಾಗ ಆ ತುದಿಗೂ ಈ ತುದಿಗೂ ದಾರ ಬಿಗೀತೀಯಲ್ಲ, ಯಾಕೋ?"

"ಇಟ್ಟಿಗೆ ಸೊಟ್ಟ ಹೋಗಬಾರದು ಅಂತ."

"ದಾರ ಬಿಗಿದು ಮನೆಗೆ ಹೋಗಿ ಮಲಗಿದ್ರೆ ಗೋಡೆ ಏಳುತ್ತಾ?"

"ಅದೆಂಗೆ ಏಳುತ್ತೆ?"

"ಮತ್ತೆ? ನಾವು ನಾಲ್ಕು ಜನ ಇಷ್ಟು ದಿನ ನಿನ್ನ ದಾರ ಹಿಡ್ಕೊಂಡು ಕೈ ನೋಯಿಸ್ಕೊಂಡು ನಿಂತಿದ್ವಿ. ಇಟ್ಟಿಗೆ ಇಡೋನು ಎಲ್ಲೋ ಹೋಗಿದ್ದ? ಟೈಲರಂತೆ ಟೈಲರು! ಅವನ ಕೈಗೂ ಒಂದು ದಾರ! ನಿನ್ನ ಬದಲು ಊಟಾನೂ ನಾನೇ ಮಾಡ್ಲಾ, ಹೇಳು. ಮೊಮ್ಮಗಳನ್ನೂ ನಾನೇ ಎತ್ಕೊಂಡು, ಹೇಗಿತ್ತು ಅಂತ ಬಂದು ಹೇಳ್ಲಾ?"

ಕೊನೆಯ ಮಾತು ಅವನಿಗೆ ತಗುಲಿತು. ಮುಖ ಸಣ್ಣದಾಯಿತು. ಹಾಗೇ ಹೊರಟುಹೋದ.

ಅವತ್ತಿನಿಂದ ಅವನು ಸಿಗರೇಟಿನ ಸುದ್ದಿಯನ್ನೇ ಎತ್ತಲಿಲ್ಲ. ಬಿಟ್ಟೆ ಅನ್ನಲಿಲ್ಲ, ಬಿಡುತ್ತೇನೆ ಅನ್ನಲಿಲ್ಲ, ನಾಳೆಯಿಂದ ಅಂತೂ ಅನ್ನಲೇ ಇಲ್ಲ. ಅದೂ ಒಂದು ಹಿಂಸೆಯೇ. ಕೇಳಿದರೆ, "ಕೇಳಬೇಡ." ಕೇಳದಿದ್ದರೆ, "ಈ ಮನೇಲಿ ನಾನು ಬದುಕಿದ್ದೀನೋ ಸತ್ತಿದ್ದೀನೋ ಕೇಳೋರಿಲ್ಲ." ಟೀ ಕೊಟ್ಟರೆ ಮಣ್ಣಿನ ರುಚಿ ಅನ್ನುತ್ತಿದ್ದ. ಚಮಚ ಬಿದ್ದರೆ ಹಾರಿ ಬೀಳುತ್ತಿದ್ದ. ಕತ್ತರಿ ಪಾಪ ತನ್ನ ಅಂಗಡಿಯಲ್ಲಿ ಹಳೇ ಹಾಡು ಹಾಕಿದರೆ, ಮೇಲಿನಿಂದ "ನಿಲ್ಸಯ್ಯಾ ಆ ಗೋಳು!" ಅಂತ ಕೂಗು.

ತಮ್ಮನ ಹೆಂಡತಿ ನನ್ನ ಹತ್ತಿರ ಬಂದು, "ಅತ್ತಿಗೆ, ಇವರು ಸೇದಿದ್ರೇ ವಾಸಿ ಇತ್ತು. ಹೊಗೆಯಾದ್ರೂ ಕಿಟಕಿಯಿಂದ ಆಚೆ ಹೋಗ್ತಿತ್ತು. ಈ ಕೋಪ ಎಲ್ಲಿಂದ ಆಚೆ ಹೋಗುತ್ತೆ?" ಅಂದಳು.

ಎಲ್ಲಿಂದ ಹೋಯಿತೆಂದರೆ, ಹಿತ್ತಿಲಿನಿಂದ. ಅಲ್ಲಿ ಮೆಟ್ಟಿಲ ಕೆಳಗೆ ಒಂದಷ್ಟು ಹಳೇ ಇಟ್ಟಿಗೆ ಬಿದ್ದಿದ್ದವು. ಒಂದು ಬೆಳಿಗ್ಗೆ ನಾನು ಬಾಗಿಲು ತೆಗೆದರೆ, ಇವನು ಕುಕ್ಕರಗಾಲಲ್ಲಿ ಕೂತು ಸಿಮೆಂಟು ಕಲಸುತ್ತಿದ್ದಾನೆ. ಮೇಸ್ತ್ರಿಯಾದ ಮೇಲೆ ಅವನು ಸಿಮೆಂಟು ಸವರುವ ಕರಣೆಯನ್ನು ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿರಲಿಲ್ಲ.

"ಏನೋ ಕಟ್ತಿದ್ದೀಯ?"

"ಗೋಡೆ."

"ಯಾಕೆ?"

"ಸುಮ್ನೆ."

"ಅಲ್ಲಿ ಗೋಡೆ ಕಟ್ಟಿದ್ರೆ ನಾನು ಬಟ್ಟೆ ಒಣಗಿ ಹಾಕೋಕೆ ಹೇಗೋ ಹೋಗ್ಲಿ?"

"ಸುತ್ತಿ ಹೋಗು."

ಸುತ್ತಿ ಹೋದೆ. ಇನ್ನೇನು ಮಾಡಲಿ? ಒದ್ದೆ ಬಟ್ಟೆಯ ಬಕೆಟ್ಟು ಹೊತ್ತುಕೊಂಡು, ಈ ವಯಸ್ಸಿನಲ್ಲಿ, ಒಂದು ಬೇಡದ ಗೋಡೆಯನ್ನು ಸುತ್ತಿಕೊಂಡು ದಿನಾ ಹೋದೆ. ಬೆಳಿಗ್ಗೆ ಟೀ ಆದ ಮೇಲೆ ಕೆಲವು ಇಟ್ಟಿಗೆ ಇಡುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದಾಗ, ಸಂಜೆ ಕೆಲಸ ಬಿಟ್ಟು ಬಂದ ಮೇಲೆ ಅಂಗಿ ಕೂಡ ಬದಲಿಸದೆ ಮತ್ತೆ ಕೆಲವು. ರಾತ್ರಿ ಊಟವಾದ ಮೇಲೆ ಬಕೆಟ್ಟಿನಲ್ಲಿ ನೀರು ತಂದು ಗೋಡೆಯನ್ನು ನೆನೆಸುತ್ತಿದ್ದ. ಹೊಸ ಗೋಡೆಗೆ ನೀರು ಕುಡಿಸದಿದ್ದರೆ ಸಿಮೆಂಟು ಗಟ್ಟಿಯಾಗುವುದಿಲ್ಲವಂತೆ. ಆ ನೀರೆಲ್ಲ ನನ್ನ ಬಾಗಿಲ ಮುಂದೆ ನಿಂತು, ನನ್ನ ಚಪ್ಪಲಿ ಒಣಗಿದ ದಿನವಿಲ್ಲ. ಈ ಹೊತ್ತುಗಳು ಯಾವುವು ಅಂತ ನನಗೆ ಮೊದಲು ಹೊಳೆಯಲಿಲ್ಲ. ಬಟ್ಟೆ ಹಿಂಡುತ್ತಾ ನಿಂತಾಗ ಹೊಳೆಯಿತು. ನಾವು ನಾಲ್ಕು ಜನ ಅವನ ಕೈಗೆ ಸಿಗರೇಟು ಇಡುತ್ತಿದ್ದ ಹೊತ್ತುಗಳೇ ಅವು.

ಕಟ್ಟಿದ್ದೂ ಅಷ್ಟು ಚೆಂದ! ಮೊದಲ ಸಾಲೇ ಎಡಕ್ಕೆ ವಾಲಿತು. ಆಳು ಯಾರಾದರೂ ಕಟ್ಟಿದ್ದರೆ ಇವನೇ ಕೆಲಸದಿಂದ ಓಡಿಸುತ್ತಿದ್ದ, ಅಂಥ ಗೋಡೆ ಅದು. ಒಂದು ರಜೆ ದಿನ ಅವನ ಇಬ್ಬರು ಆಳುಗಳು ಬಂದೇ ಬಂದರು.

"ಮೇಸ್ತ್ರಿ, ನೀವ್ಯಾಕೆ ಕಷ್ಟ ಪಡ್ತೀರ? ಈಚೆ ಕೊಡಿ ಕರಣೆ. ಮಧ್ಯಾಹ್ನದೊಳಗೆ ಎಬ್ಬಿಸಿ ಹೋಗ್ತೀವಿ."

"ಮುಟ್ಟಿದ್ರೆ ಕೈ ಮುರೀತೀನಿ!" ಅಂತ ಎಗರಿದ.

ಅವರು ನನ್ನ ಕಡೆ ನೋಡಿದರು. "ಏನಾಗಿದೆ ಅಮ್ಮಾ 'ನಾಳೆಯಿಂದ'ಗೆ?" ಅಂತ ಒಬ್ಬ ಪಿಸುಗುಟ್ಟಿದ. ಬೇರೆಯವರ ಕೈಗೆ ಕೊಡಲು ಅವನು ಒಪ್ಪದ ಮೊದಲ ಕೆಲಸ ಅದು. ನಾನು ಆಳುಗಳಿಗೆ ಟೀ ಕೊಟ್ಟು ಕಳಿಸಿದೆ.

ಗೋಡೆ ನನ್ನ ಸೊಂಟದವರೆಗೆ ಬಂದಿತ್ತು. ಒಂದು ಸಂಜೆ ಧಡಧಡ ಸದ್ದು ಕೇಳಿ ಹೊರಗೆ ಬಂದೆ. ಹಾರೆ ಹಿಡಿದು ಇಡೀ ಗೋಡೆಯನ್ನು ಕೆಡವುತ್ತಿದ್ದ. ತಳದವರೆಗೂ.

"ಅಯ್ಯೋ, ಯಾಕೋ?"

"ಕಲಸಿದ್ದು ಸರಿ ಇರ್ಲಿಲ್ಲ."

ಹತ್ತಿರ ಹೋದೆ. ಅವನು ಮುಖ ಆ ಕಡೆ ತಿರುಗಿಸಿಕೊಂಡ. ವಾಸನೆ ಬಂತು. ಸೇದಿದ್ದ, ಒಂದೋ ಎರಡೋ, ಎಲ್ಲಿಯೋ. ನನ್ನ ನಾಲಿಗೆ ತುದಿಯಲ್ಲಿ ಎಷ್ಟೋ ಮಾತು ಬಂದವು. ಬೈಗುಳದಲ್ಲಿ ನಾನೇನೂ ಬಡವಿಯಲ್ಲ. ಆದರೆ ಆವರೆಗೆ ಒಂದು ದಿನವೂ ತನ್ನ ತಪ್ಪಿಗೆ ತಾನೇ ಹಾರೆ ಎತ್ತದವನು ಎತ್ತಿದ್ದ, ಬೆವರು ಇಳಿಯುತ್ತಿತ್ತು. ಬಿದ್ದ ಇಟ್ಟಿಗೆಗಳನ್ನು ದಾಟಿಕೊಂಡು ನೇರ ಹೋಗಿ ಬಟ್ಟೆ ತೆಗೆದುಕೊಂಡು ಬಂದೆ. ಆ ಸಂಜೆ ಮಾತ್ರ ಹಿತ್ತಿಲು ಅಗಲವಾಗಿತ್ತು, ಬಟ್ಟೆ ತೆಗೆಯಲು ಸುಲಭವಾಯಿತು. ಹಾಗೆ ಸುಲಭವಾದದ್ದು ನನಗೆ ಹಿಡಿಸಲಿಲ್ಲ.

ಮಾರನೇ ಬೆಳಿಗ್ಗೆ ಮತ್ತೆ ಕುಕ್ಕರಗಾಲಲ್ಲಿ ಕೂತಿದ್ದ. ಹಳೇ ಇಟ್ಟಿಗೆಗೆ ಅಂಟಿದ ಸಿಮೆಂಟನ್ನು ಒಂದೊಂದಾಗಿ ಕೆರೆದು ತೆಗೆಯುತ್ತಿದ್ದ. ಕರ್ರ್ ಕರ್ರ್ ಅಂತ ಆ ಸದ್ದು, ಹಲ್ಲು ಜುಮ್ಮೆನ್ನುವ ಸದ್ದು. ತಮ್ಮನ ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡು ಅಡುಗೆ ಮಾಡಿದಳು. ಮತ್ತೆ ದಾರ ಬಿಗಿದ, ಮೊದಲ ಸಾಲು ಇಟ್ಟ. ಈ ಸಲ ಅಷ್ಟು ವಾಲಲಿಲ್ಲ. ನಡುವೆ ಇನ್ನೊಂದು ಸಲವೂ ಕೆಡವಿದ, ಪೂರ್ತಿಯಲ್ಲ, ಮೇಲಿನ ಕೆಲವು ಸಾಲು ಅಷ್ಟೇ. ನಾನು ಏನೂ ಕೇಳಲಿಲ್ಲ. ಕತ್ತರಿ ಮಾತ್ರ ಮೇಲಕ್ಕೆ ಬಂದು ಇಣುಕಿ, "ಮೇಸ್ತ್ರಿ, ಇದು ಗೋಡೆನೋ ಹಾವು-ಏಣಿ ಆಟಾನೋ? ಹತ್ತುತ್ತೆ, ಇಳಿಯುತ್ತೆ" ಅಂದ. ಅವನ ಕಡೆಗೆ ಒಂದು ಇಟ್ಟಿಗೆ ಹಾರಿತು. ತಗುಲಲಿಲ್ಲ. ತಗುಲಲಿ ಅಂತ ಎಸೆದದ್ದೂ ಅಲ್ಲ ಅನ್ನಿ.

ಬೇಸಿಗೆ ಕಳೆಯಿತು. ಗೋಡೆ ಸೊಂಟ ದಾಟಿತು, ಎದೆ ದಾಟಿತು. ಟೀಗೆ ಟೀ ರುಚಿ ವಾಪಸು ಬಂತು. ಕತ್ತರಿಯ ಹಾಡಿಗೆ ಮೇಲಿನಿಂದ ಕೂಗು ಬೀಳುವುದು ನಿಂತಿತು. ಗೋಡೆ ನನ್ನ ಭುಜಕ್ಕೆ ಬಂದಾಗ, ಒಣಹಾಕಿದ ಬಟ್ಟೆಯ ತುದಿ ಮಾತ್ರ ನನಗೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಅವನು ಕರಣೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಮೆಟ್ಟಿಲ ಕೆಳಗೆ ಇಟ್ಟ. ಸ್ನಾನ ಮಾಡಿದ. ಒಗೆದಿಟ್ಟಿದ್ದ ಅಂಗಿ ತೊಟ್ಟ. ಮೇಜಿನ ಡ್ರಾಯರಿನಿಂದ ಆ ಗಿಲಕಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ.

ನಾನೂ ಎದ್ದು ಚಪ್ಪಲಿ ಹುಡುಕಿದೆ.

"ನೀನೆಲ್ಲಿಗೆ?"

"ನಿನ್ನ ಜೊತೆಗೆ ಕಣೋ. ಅವಳು ನಂಬದಿದ್ರೆ ನಾನು ಹೇಳ್ತೀನಿ."

"ಬೇಡ ಅಕ್ಕಾ. ಸಾಕ್ಷಿ ತರಬೇಡ ಅಂದಿದ್ದಾಳೆ," ಅಂದು ಒಬ್ಬನೇ ಬಸ್ ಸ್ಟಾಪಿನ ಕಡೆಗೆ ನಡೆದ. ಅವನು ಒಬ್ಬನೇ ಎಲ್ಲಿಗಾದರೂ ಹೋದದ್ದನ್ನು ನಾನು ಕಂಡಿರಲಿಲ್ಲ. ತರಕಾರಿ ತರಲೂ ಇಬ್ಬರನ್ನು ಕರೆದುಕೊಂಡು ಹೋಗುವವನು.

ಅವತ್ತಿನ ದಿನ ಉದ್ದವಾಯಿತು. ತಮ್ಮನ ಹೆಂಡತಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಕತ್ತರಿ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಮೇಲೆ ಬಂದು, "ಬಂದ್ರಾ?" ಅಂತ ಕೇಳಿ ಹೋದ. ಅಂಗಡಿಯಕ್ಕ ಸಕ್ಕರೆ ಕೊಡುವ ನೆಪದಲ್ಲಿ ಬಂದಳು, ಸಕ್ಕರೆ ತರುವುದನ್ನೇ ಮರೆತು. ಬೈದರೂ, ರಾಜೀನಾಮೆ ಕೊಟ್ಟರೂ, ನಾಲ್ಕು ಜನವೂ ಒಳಗೊಳಗೇ ಇನ್ನೂ ಕೆಲಸ ಬಿಟ್ಟಿರಲಿಲ್ಲ.

ಸಂಜೆ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯಲ್ಲಿ ಕೂತ.

"ಏನಂದ್ಲು?" ಅಂದೆ.

"ಸಾಕ್ಷಿ ಎಲ್ಲಿ ಅಂದ್ಲು. ಇಲ್ಲ ಅಂದೆ."

"ಆಮೇಲೆ?"

"ಬಿಟ್ಟು ಎಷ್ಟು ದಿನ ಆಯ್ತು ಅಂದ್ಲು. ಎಣಿಸಿಲ್ಲ, ಎರಡು ಸಲ ಜಾರಿದೆ, ಆಮೇಲೆ ಇಲ್ಲ ಅಂದೆ. ಕಾಲರ್ ಮೂಸಿದ್ಲು. ಕೂದಲು ಮೂಸಿದ್ಲು. ಕೈ ತಿರುಗಿಸಿ ನೋಡಿದ್ಲು, ಸಿಮೆಂಟಿಗೆ ಒಡೆದಿತ್ತಲ್ಲ, ಇದೇನಪ್ಪಾ ಅಂದ್ಲು. ಆಮೇಲೆ..." ಅಂದು ನಿಲ್ಲಿಸಿದ. ಎದ್ದು ಅಂಗಿ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡ. ನೀರಿನ ಸದ್ದು ತುಂಬಾ ಹೊತ್ತು ಕೇಳಿತು.

ತಮ್ಮನ ಹೆಂಡತಿ ಅಭ್ಯಾಸಬಲದಿಂದ ಅಂಗಿ ಎತ್ತಿ ಮೂಗಿಗೆ ಹಿಡಿದಳು. ಹಾಗೇ ಹಿಡಿದುಕೊಂಡು ನಿಂತಳು. ಆಮೇಲೆ ನನ್ನ ಕೈಗೆ ಕೊಟ್ಟಳು. ಎಡ ಭುಜದ ಮೇಲೆ ಮಗು ಕಕ್ಕಿದ ಹಾಲಿನ ಕಲೆ ಇತ್ತು, ಹುಳಿ ಹುಳಿ ವಾಸನೆ. ಬೇರೆ ಯಾವ ವಾಸನೆಯೂ ಇರಲಿಲ್ಲ. "ಇದನ್ನ ಇವತ್ತು ಒಗೆಯಲ್ಲ ಅತ್ತಿಗೆ," ಅಂದಳು.

ಗೋಡೆ ಇನ್ನೂ ಅಲ್ಲೇ ಇದೆ, ಯಾವ ಉಪಯೋಗಕ್ಕೂ ಇಲ್ಲ. ಕೆಡವೋ ಅಂದರೆ, "ಇರ್ಲಿ ಬಿಡು" ಅನ್ನುತ್ತಾನೆ. ನಾನು ದಿನಾ ಬಕೆಟ್ಟು ಹೊತ್ತು ಸುತ್ತಿಕೊಂಡು ಹೋಗುತ್ತೇನೆ, ಅವನನ್ನು ಬೈದುಕೊಂಡೇ.

ಮೊನ್ನೆ ಬೆಳಿಗ್ಗೆ ಟೀ ಕುಡಿಯುವಾಗ ಅವನು ತನ್ನ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ. ನನ್ನ ಭುಜದ ಮೇಲೆ ಕೈ ಹಾಕಿದ.

"ಅಕ್ಕಾ, ಮೊಮ್ಮಗಳು ಓಡಾಡೋ ಹೊತ್ತಿಗೆ ನಾನೂ ಅವಳ ಹಿಂದೆ ಓಡಬೇಕಲ್ಲ. ನಾಳೆಯಿಂದ ಸಕ್ಕರೆ ಬಿಡೋಣ ಅಂತಿದ್ದೀನಿ. ಡಬ್ಬಿ ನಿನ್ನ ಕೋಣೇಲಿ ಇರಲಿ. ನಿನ್ನ ಬಿಟ್ರೆ ನಂಗೆ..."

ನಾನು ಎದ್ದು ಅಡುಗೆಮನೆಗೆ ಹೋದೆ. ಸಕ್ಕರೆ ಡಬ್ಬಿ ತಂದು, ಮುಚ್ಚಳ ತೆಗೆದು, ಅವನ ಮುಂದೆಯೇ ಇಟ್ಟೆ. ಚಮಚವನ್ನೂ ಅದರೊಳಗೆ ನಿಲ್ಲಿಸಿ, ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.